‘ಮಲಗು’ ಅಂದರೆ ಮಲಗದ ಕುದುರೆ

ಕುದುರೆಯ ಹೊಟ್ಟೆಯ ಕೆಳಗಿನ ಕೂದಲಿಗೆ ಬ್ರಷ್ಷು ಎಳೆದು ಮುಗಿಸುವ ಹೊತ್ತಿಗೆ ಆ ಮಾತು ಅವಳ ನಾಲಗೆ ತುದಿಗೆ ಬಂದುಬಿಟ್ಟಿತ್ತು. ತುಟಿ ಕಚ್ಚಿಕೊಂಡಳು. ಕುದುರೆ ಕಿವಿ ನಿಮಿರಿಸಿ ಕಾಯುತ್ತಿತ್ತು.

ಅವಳ ಸೊಂಟದೆತ್ತರಕ್ಕೂ ಬಾರದ ಗಿಡ್ಡ ಕುದುರೆ ಅದು. ನಡಿಗೆಯಲ್ಲಿ ಮಾತ್ರ ಮನೆಗೆ ಹಿರಿಯನ ಗತ್ತು. ಅದಕ್ಕೇ ಎಲ್ಲರ ಬಾಯಲ್ಲೂ ‘ದೊಡ್ಡಪ್ಪ’. ಗಂಡ ಅದನ್ನು ತಂದದ್ದು ತನ್ನ ಫೋಟೋ ಸ್ಟುಡಿಯೋಗೆ. ಪಕ್ಕದಲ್ಲಿ ನಿಲ್ಲಿಸಿ ತೆಗೆದ ಫೋಟೋ ಹಳತಾಯಿತು, ಮಲಗಿದ ಕುದುರೆಗೆ ಮಕ್ಕಳು ಒರಗಿ ಕೂತರೆ ಚೆಂದ ಎಂದು ಅವನಿಗೆ ಅನಿಸಿತ್ತು. ಮೊದಲು ಮುಂಗಾಲಿಗೆ ಹಗ್ಗ ಕಟ್ಟಿ ಎಳೆದು ನೋಡಿದ. ಕುದುರೆ ಮುಗ್ಗರಿಸಿ ಮಂಡಿ ತರಚಿಕೊಂಡಿತು. ಅವನೇ ನೊಂದುಕೊಂಡು ಹಗ್ಗ ಎಸೆದ. “ನಿನ್ನ ಮಾತಾದ್ರೂ ಕೇಳುತ್ತಾ ನೋಡು” ಎಂದ.

ಅವಳು ಬಲವಂತ ಮಾಡಲಿಲ್ಲ. ಮೈ ತೊಳೆದರೆ ಕುದುರೆಗೆ ಮರಳಲ್ಲಿ ಹೊರಳುವ ಆಸೆ. ತೊಳೆದು, ಉಜ್ಜಿ, ಹಿತ್ತಲ ಮರಳಿಗೆ ಬಿಟ್ಟು ಕಾಯುತ್ತಿದ್ದಳು. ಮಂಡಿ ಮಡಿಸುವಾಗ “ಮಲಗು” ಎನ್ನುವುದು, ಮಲಗಿದ ಮೇಲೆ ಒಂದು ತುಂಡು ಕ್ಯಾರೆಟ್ ಕೊಡುವುದು.

“ಇಷ್ಟು ಉಪಚಾರ ನನಗೆ ಮಾಡಿದ್ರೆ ಯಾರೂ ಹೇಳ್ದೇನೇ ಮಲಗ್ತಿದ್ದೆ ಕಣೇ” ಎಂದು ಅತ್ತೆ ಬಾಗಿಲಲ್ಲಿ ನಿಂತು ನಗುತ್ತಿದ್ದರು.

ಕುದುರೆ ಕಲಿತದ್ದು ಬೇರೆಯೇ ಮಾತನ್ನು. ಉಜ್ಜಿ ಮುಗಿದಾಗ ಬ್ರಷ್ಷನ್ನು ಬಕೆಟ್ಟಿಗೆ ಹಾಕುತ್ತ ಅವಳು ತನಗೆ ತಾನೇ “ಸಾಕು” ಅಂದುಕೊಳ್ಳುತ್ತಿದ್ದಳು. ಆಮೇಲೆ ತಾನೇ ಮರಳು, ಆಮೇಲೆ ತಾನೇ ಕ್ಯಾರೆಟ್! ದೊಡ್ಡಪ್ಪನ ಪಾಲಿಗೆ ಮಲಗುವ ಮಾತೆಂದರೆ ಅದೇ. ಇದು ಅವಳಿಗೆ ಗೊತ್ತಾದದ್ದು ನಿನ್ನೆ, ಸ್ಟುಡಿಯೋದಲ್ಲಿ.

ಅಲ್ಲಿ ಸಿಮೆಂಟು ನೆಲ, ಮುಖಕ್ಕೆ ರಾಚುವ ದೀಪ. ಮಕ್ಕಳನ್ನು ಕಟ್ಟಿಕೊಂಡು ಒಂದು ಸಂಸಾರ ಕಾದಿತ್ತು. “ಮಲಗು, ಮಲಗೋ ದೊಡ್ಡಪ್ಪ” ಎಂದು ಗಂಡ ಗೋಗರೆದ. ಕುದುರೆಯ ತೊಡೆ ಅದುರುತ್ತಿತ್ತು, ಕಿವಿಯ ಹಿಂದೆ ಬೆವರು. ನೋಡಲಾರದೆ ಅವಳು ಅಂದಳು:

“ಸಾಕು ಬಿಡ್ರೀ, ಹೆದರಿಬಿಟ್ಟಿದೆ.”

ಕುದುರೆ ಮಂಡಿ ಮಡಿಸಿ ಮಲಗಿತು.

ಎಲ್ಲರೂ ಚಪ್ಪಾಳೆ ತಟ್ಟಿದರು. ತನ್ನ ಮಾತಿಗೇ ಮಲಗಿತೆಂದು ಗಂಡ ಹಿಗ್ಗಿದ. ಒಂದು ಮಗು ಎದ್ದರೆ ಇನ್ನೊಂದು ಬಂದು ಕೂತಿತು. ಮತ್ತೊಂದು ಅದರ ಕತ್ತಿನ ಮೇಲೆ ಪೂರ್ತಿ ಒರಗಿತು. ಕುದುರೆ ಏಳಲಿಲ್ಲ; ಕಣ್ಣಿನ ಬಿಳಿ ಕಾಣುವಂತೆ ಅವಳನ್ನೇ ನೋಡುತ್ತಿತ್ತು. ಬೇಡವೆಂದು ಅವಳು ಆಡಿದ ಮಾತೇ ಅದನ್ನು ಕೆಡವಿತ್ತು.

ಈಗ ಗಂಡ ಲಾಯದ ಬಾಗಿಲಿಗೆ ಬಂದ. ನಿನ್ನೆಯ ಖುಷಿ ಮುಖದಲ್ಲಿ ಇನ್ನೂ ಆರಿರಲಿಲ್ಲ.

“ಏನಂತಾರೆ ದೊಡ್ಡಪ್ಪನೋರು? ನಾಳೆ ಬೆಳಗ್ಗೆಯಿಂದ ಸಂಜೆವರೆಗೂ ಜನ.”

“ಅಷ್ಟು ಹೊತ್ತು ಮಲಗಿಸ್ಬೇಡಿ. ಅದಕ್ಕೆ ಭಯ.”

“ಭಯ ಇದ್ರೆ ಮಲಗುತ್ತಾ? ಓಡಿಹೋಗ್ತಿತ್ತು. ನಂಬಿಕೆ ಇದ್ರೇನೇ ಕುದುರೆ ಮಲಗೋದು ಅಂತ ನೀನೇ ತಾನೇ ಹೇಳಿದ್ದು?”

ಹೇಳಿದ್ದು ಹೌದು. ಆ ನಂಬಿಕೆ ಸಿಮೆಂಟಿನ ಮೇಲಲ್ಲ, ದೀಪದ ಮೇಲಲ್ಲ ಎಂದು ಇವನಿಗೆ ಹೇಗೆ ತಿಳಿಸುವುದು? ಕೆಟ್ಟವನಲ್ಲ. ಅರ್ಧ ಕೇಳಿಸಿಕೊಂಡು ಹೊರಟುಬಿಡುವ ಅಭ್ಯಾಸ. ಅವಳೂ ಈಚೆಗೆ ಅರ್ಧ ಮಾತಷ್ಟೇ ಆಡುತ್ತಿದ್ದಳು.

“ನಾಳೆ ನೀನೂ ಬಾ. ನನ್ನ ಮಾತು ಕೇಳ್ದಿದ್ರೆ ನೀನೇ ಒಂದ್ಸಲ ಹೇಳು.”

“ಏನಂತ?”

“ಏನಂತ ಅಂದ್ರೆ? ಮಲಗು ಅಂತ!” ಅವನು ನಕ್ಕ.

“ಹೇಳ್ತೀನಿ” ಎಂದಳು.

ಅವನು ಹೋದ ಮೇಲೆ ಬ್ರಷ್ಷನ್ನು ಸದ್ದಿಲ್ಲದೆ ಬಕೆಟ್ಟಿಗಿಟ್ಟು ಹಗ್ಗ ಬಿಚ್ಚಿದಳು. ಕುದುರೆ ಕದಲಲಿಲ್ಲ, ಇನ್ನೂ ಕಾಯುತ್ತಿತ್ತು. ಅವಳು ಕತ್ತು ಸವರಿ ಮರಳಿನ ಕಡೆಗೆ ಮೆಲ್ಲಗೆ ತಳ್ಳಿದಳು.

ನಾಳೆ ಅವನು ಕೇಳಿದಷ್ಟು ಸಲ, ಬೇಕಾದಷ್ಟು ಅಕ್ಕರೆಯಿಂದ “ಮಲಗು” ಎನ್ನುವುದು. ಜನ ಕಾದು ಗೊಣಗಲಿ, ಅವನು ಮುನಿಸಿಕೊಳ್ಳಲಿ. ಇನ್ನೊಂದು ಮಾತನ್ನು ಮಾತ್ರ ಆ ಕುದುರೆಯೆದುರು ಆಡುವುದಿಲ್ಲ.

“ಇನ್ನೂ ಆಗ್ಲಿಲ್ವೇನೇ ದೊಡ್ಡಪ್ಪನ ಉಪಚಾರ?” ಒಳಗಿನಿಂದ ಅತ್ತೆ ಕೂಗಿದರು.

“ಆಯ್ತು ಅತ್ತೆ, ಬಂದೆ” ಎಂದಳು.