ಮೇಲಿನ ಮೆಷಿನ್, ಕೆಳಗಿನ ಮೆಷಿನ್

ಕಾಣೆಯಾದ ಹದಿನಾರು ಮೆಮೊರಿ ಕಾರ್ಡುಗಳನ್ನು ರಮಾನಾಥರೇ ಕದ್ದಿದ್ದಾರೆ ಎಂದು ಯಾರೂ ಬಾಯಿಬಿಟ್ಟು ಹೇಳಲಿಲ್ಲ. ನಾಲ್ಕು ಗಂಟೆಗೆ, ಕಟ್ಟಡದ ಬಾಗಿಲು ತೆರೆಯುವ ಅವರ ಬ್ಯಾಡ್ಜ್ ಆಫ್ ಆಗುತ್ತದೆ ಎಂದಷ್ಟೇ ಹೇಳಿದರು. ಹೇಳಿದವನು ಶ್ರೀನಿ. ಕಂಪ್ಯೂಟರುಗಳ ಸಾಫ್ಟ್‌ವೇರ್ ನೋಡಿಕೊಳ್ಳುವ ಅನುಶ್ರೀಯನ್ನೂ ರಮಾನಾಥರನ್ನೂ ಬ್ಯಾಂಕಿಗೆ ಗುತ್ತಿಗೆಯ ಮೇಲೆ ಒದಗಿಸಿದ್ದ ಕಂಪನಿಯ ಮ್ಯಾನೇಜರ್ ಅವನು. ಹೇಳುವಾಗ ಅನುಶ್ರೀಯ ಮುಖ ನೋಡಲಿಲ್ಲ, ಅವಳ ಕೀಬೋರ್ಡ್ ನೋಡಿದ.

"ಆಡಿಟ್‌ನವರು ಪಟ್ಟಿ ಕಳಿಸಿದಾರೆ ಅನು. ರ‍್ಯಾಕ್ ಹದಿನಾಲ್ಕರಲ್ಲಿ ತೊಂಬತ್ತಾರು ಕಾರ್ಡ್ ಇರ್ಬೇಕಿತ್ತು. ಎಂಬತ್ತೇ ಇದೆ. ಸೆಪ್ಟೆಂಬರ್‌ನಲ್ಲಿ ಆ ರ‍್ಯಾಕ್‌ಗೆ ಕೈ ಹಾಕಿದವರು ರಮಾನಾಥ್ ಒಬ್ಬರೇ. ರಿಜಿಸ್ಟರ್‌ನಲ್ಲಿ ಸೈನ್ ಬೇರೆ ಇದೆ."

"ಡಬ್ಬಿ ಬಿಚ್ಚಿ ಎಣಿಸಿದ್ರ ಮುಗೀತಲ್ರಿ?"

"ಬಿಚ್ಚೋ ಹಾಗಿಲ್ಲಮ್ಮ, ಫ್ರೀಜ್ ಇದೆ. ಓಡ್ತಿರೋ ಮೆಷಿನ್‌ನ ಯಾರೂ ಮುಟ್ಟಬಾರದು. ಮೆಷಿನ್ ತಾನಾಗಿ ಏನು ಹೇಳುತ್ತೋ ಅದೇ ಫೈನಲ್ ಅಂತಾರೆ."

೨೦೦೮ರ ನವೆಂಬರ್. ಆ ಬ್ಯಾಂಕು ಮುಳುಗುವ ಹೊತ್ತಿಗೆ ಇನ್ನೊಂದು ಬ್ಯಾಂಕು ಅದನ್ನು ಕೊಂಡುಕೊಂಡಿತ್ತು. ಕೊಂಡವರು ಈಗ ತಮಗೆ ಸಿಕ್ಕಿದ್ದು ಏನು ಎಂದು ಒಂದೊಂದೇ ನೋಡುತ್ತಿದ್ದರು. ನ್ಯೂಜೆರ್ಸಿಯ ಮಾನ್ಮತ್ ಜಂಕ್ಷನ್‌ನಿಂದ ಕಾರಿನಲ್ಲಿ ಹತ್ತು ನಿಮಿಷದ ದಾರಿ, ಕಿಟಕಿಯಿಲ್ಲದ ಉದ್ದನೆಯ ಕಟ್ಟಡ; ಹೊರಗಿನಿಂದ ನೋಡಿದವರು ಕಾರ್ಪೆಟ್ ಗೋದಾಮು ಅಂದುಕೊಳ್ಳಬೇಕು. ಒಳಗೆ ಸಾಲು ಸಾಲು ಕಬ್ಬಿಣದ ರ‍್ಯಾಕುಗಳು, ರ‍್ಯಾಕುಗಳಲ್ಲಿ ಕಂಪ್ಯೂಟರುಗಳು. ರಮಾನಾಥ ಹನ್ನೆರಡು ವರ್ಷದಿಂದ ಅವುಗಳ ಹೊಟ್ಟೆ ಬಿಚ್ಚಿ ಕಾರ್ಡು, ಫ್ಯಾನು, ಡಿಸ್ಕು ಬದಲಾಯಿಸುತ್ತಿದ್ದರು. ಕುಂದಾಪುರದ ಕಡೆಯವರು. ಹಿಕ್ಸ್‌ವಿಲ್ ಎಂಬ ಊರಿನ ಹೋಟೆಲೊಂದರ ಅಡುಗೆಮನೆಗೆ ಬಂದು, ಅಲ್ಲಿಂದ ಕೇಬಲ್ ಎಳೆಯುವ ಕೆಲಸ ಕಲಿತು ಇಲ್ಲಿ ಸೇರಿದ್ದರು. ಮಗ ನಿಹಾಲ್ ಕಾಲೇಜಿನ ಮೊದಲ ವರ್ಷ. ಹೆಂಡತಿ ಜಯಂತಿಯ ಡಯಾಲಿಸಿಸ್ ನಡೆಯುತ್ತಿದ್ದುದು ಈ ಕೆಲಸದ ಇನ್ಶೂರೆನ್ಸ್ ಮೇಲೆ. ಸೆಕ್ಯೂರಿಟಿಯವನು ಬಾಗಿಲವರೆಗೆ ನಡೆಸಿಕೊಂಡು ಹೋಗಿ ಬಿಟ್ಟ ಮನುಷ್ಯನಿಗೆ ಆ ನವೆಂಬರಿನಲ್ಲಿ ಇಡೀ ನ್ಯೂಜೆರ್ಸಿಯಲ್ಲಿ ಎರಡನೆಯ ಕೆಲಸ ಇರಲಿಲ್ಲ.

ಆಗ ಒಂದು ಗಂಟೆ.

ಅನುಶ್ರೀಗೆ ಮೊದಲು ಬಂದದ್ದು ಕನಿಕರವಲ್ಲ, ಕುತೂಹಲ. ಹದಿನಾರು ಕಾರ್ಡು ತೆಗೆದರೆ ಯಂತ್ರ ಸುಮ್ಮನಿರುತ್ತದೆಯೇ? ಒಂದು ಕಾರ್ಡು ಸಡಿಲವಾದರೂ ಅದು ಬಾಯಿ ಬಡಿದುಕೊಳ್ಳುತ್ತದೆ. ಆಡಿಟ್‌ನವರು ಕಳಿಸಿದ್ದು ರ‍್ಯಾಕಿನ ಒಟ್ಟು ಸಂಖ್ಯೆ ಮಾತ್ರ.

"ನಂಗ ಒಟ್ಟು ಬ್ಯಾಡ್ರಿ. ಮೆಷಿನ್‌ಗಳು ಕೊಟ್ಟ ಮೂಲ ಫೈಲ್ ಬೇಕು," ಅಂದಳು.

"ಅದನ್ನ ಇಟ್ಕೊಂಡು ಏನ್ ಮಾಡ್ತೀಯ? ನೂರಾರು ಪೇಜ್ ಇರುತ್ತೆ."

"ಓದ್ತೀನ್ರಿ."

ಶ್ರೀನಿ ಅವಳನ್ನು ಹುಚ್ಚಿಯನ್ನು ನೋಡಿದಂತೆ ನೋಡಿ, ಫೈಲ್ ತರಿಸಿಕೊಟ್ಟ.

ಅವಳು ನಿಜವಾಗಿಯೂ ಓದುವವಳು. ಕೆಲಸಕ್ಕೆ ಸೇರಿದ ಮೊದಲ ವಾರ ಒಬ್ಬರು ಇಂಥ ಪಟ್ಟಿ ತೆಗೆಯುವ ಕಮಾಂಡ್ ತೋರಿಸಿಕೊಟ್ಟಾಗಿನಿಂದ ಅದರ ಚಟ ಹತ್ತಿತ್ತು. ಕಪ್ಪು ಪರದೆಯಲ್ಲಿ ಒಂದು ಸಾಲು ಟೈಪ್ ಮಾಡಿದರೆ ಸಾಕು, ಯಂತ್ರ ತನ್ನ ಮೈಯೊಳಗೆ ಏನೇನಿದೆ ಎಂದು ತಾನೇ ಒಪ್ಪಿಸುತ್ತಿತ್ತು. ಪ್ರೊಸೆಸರ್ ಎಷ್ಟು, ಯಾವ ಸ್ಲಾಟಿನಲ್ಲಿ ಯಾವ ಕಾರ್ಡು, ಅದರ ಸೀರಿಯಲ್ ನಂಬರು, ಪವರ್ ಸಪ್ಲೈ ಎರಡೂ ಸರಿಯೇ, ಫ್ಯಾನು ಎಷ್ಟು ವೇಗದಲ್ಲಿ ತಿರುಗುತ್ತಿದೆ, ಒಳಗೆ ಸೆಖೆ ಎಷ್ಟು. ರಾಣೆಬೆನ್ನೂರಿನಲ್ಲಿ ಅವಳ ಅಪ್ಪ ಪಂಚಾಕ್ಷರಯ್ಯ ಪಂಪ್‌ಸೆಟ್ ರಿಪೇರಿ ಮಾಡುತ್ತಿದ್ದರು. ಒಳಗಿನದು ತಿಳಿಯಬೇಕಾದರೆ ಬೋಲ್ಟು ಬಿಚ್ಚಲೇಬೇಕು, ಕೈ ಕಪ್ಪಾಗಲೇಬೇಕು. ಇಲ್ಲಿ ಮೂವತ್ತು ಮೈಲಿ ದೂರದ ಯಂತ್ರವನ್ನೂ ಕೂತಲ್ಲಿಂದಲೇ ಕೇಳಬಹುದಿತ್ತು. ಬೇಸರವಾದಾಗ ಬೇರೆಯವರು ಕ್ರಿಕೆಟ್ ಸ್ಕೋರ್ ನೋಡಿದರೆ ಇವಳು ಯಾವುದೋ ಯಂತ್ರದ ಫ್ಯಾನಿನ ವೇಗ ನೋಡುತ್ತಿದ್ದಳು.

ರ‍್ಯಾಕ್ ಹದಿನಾಲ್ಕರಲ್ಲಿ ಆರು ಯಂತ್ರ, ಆರು ಫೈಲು. ಒಂದೊಂದನ್ನೇ ಎಣಿಸಿದಳು. ಹದಿನಾರು. ಹದಿನಾರು. ಹದಿನಾರು. ಆರೂ ಫೈಲಿನಲ್ಲಿ ಹದಿನಾರು ಹದಿನಾರೇ ಇದ್ದವು. ಒಟ್ಟು ತೊಂಬತ್ತಾರು, ಒಂದೂ ಕಡಿಮೆಯಿಲ್ಲ.

ಅವಳು ಎದ್ದು ಶ್ರೀನಿ ಕೂರುವ ಕ್ಯೂಬಿಗೆ ಓಡಿದಳು. ಶ್ರೀನಿ ಆಡಿಟ್‌ನವರಿಗೆ ಫೋನ್ ಹಚ್ಚಿ, ಎರಡು ಬಾರಿ ಯೆಸ್, ಮೂರು ಬಾರಿ ಐ ಅಂಡರ್‌ಸ್ಟ್ಯಾಂಡ್ ಅಂದು ಇಟ್ಟ.

"ಅನು, ಕೆಲಸ ಇನ್ನೂ ಕೆಟ್ಟಿತು. ಹದಿನಾರು ಸೀರಿಯಲ್ ನಂಬರ್ ಎರಡೆರಡು ಸಲ ಬಂದಿದೆಯಂತೆ. ಒಂದು ಕಾರ್ಡ್ ಎರಡು ಮೆಷಿನ್‌ನಲ್ಲಿ ಇರೋಕಾಗಲ್ವಲ್ಲ? ಅದಕ್ಕೆ ಡೂಪ್ಲಿಕೇಟ್ ತೆಗೆದುಹಾಕಿದಾರೆ. ಈಗ ಕೇಳ್ತಿದಾರೆ, ಯಾರೋ ಒಂದು ಫೈಲ್ ಕಾಪಿ ಮಾಡಿ ಇನ್ನೊಂದರ ಜಾಗದಲ್ಲಿ ಇಟ್ಟಿದಾರಾ ಅಂತ."

"ಅಂಕಲ್‌ಗ ಫೈಲ್ ಕಾಪಿ ಮಾಡಾಕ ಲಾಗಿನ್ನೇ ಇಲ್ರಿ!"

"ನಂಗೆ ಗೊತ್ತು. ಅವರಿಗೆ ಗೊತ್ತಾ?"

ಅನುಶ್ರೀ ಮತ್ತೆ ಕುರ್ಚಿಗೆ ಬಂದಳು. ಎರಡೆರಡು ಸಲ ಬಂದ ನಂಬರುಗಳು ಯಾವ ಯಾವ ಫೈಲಿನಲ್ಲಿವೆ ಎಂದು ಹುಡುಕಲು ಎರಡು ನಿಮಿಷ ಸಾಕಾಯಿತು. ಕ್ಲಿಯರಿಂಗ್ ಮತ್ತು ರಿಪೋರ್ಟ್ಸ್. ಅವು ಜೋಡಿ ಯಂತ್ರಗಳು. ಒಂದು ಬಿದ್ದರೆ ಅದರ ಕೆಲಸವನ್ನು ಇನ್ನೊಂದು ಎತ್ತಿಕೊಂಡು ನಡೆಸಬೇಕು, ಅದಕ್ಕೇ ಜೋಡಿ. ಚೆಕ್ಕುಗಳ ಕ್ಲಿಯರಿಂಗ್ ಓಡುವುದು ಮೇಲಿನದರಲ್ಲಿ, ದಿನದ ರಿಪೋರ್ಟುಗಳು ಓಡುವುದು ಕೆಳಗಿನದರಲ್ಲಿ. ಯಂತ್ರಗಳಿಗೆ ತಮ್ಮವೇ ಹೆಸರುಗಳಿದ್ದವು, ಅಕ್ಷರ ಅಂಕಿ ಕಲಸಿದ, ಬಾಯಲ್ಲಿ ನಿಲ್ಲದ ಹೆಸರುಗಳು. ಅವುಗಳನ್ನು ಯಾರೂ ಕರೆಯುತ್ತಿರಲಿಲ್ಲ. ಮಾಡುವ ಕೆಲಸದ ಹೆಸರೇ ಯಂತ್ರಕ್ಕೂ ಹೆಸರಾಗಿಬಿಟ್ಟಿತ್ತು.

ಫೈಲನ್ನು ನಂಬುವುದು ಬೇಡ, ತಾನೇ ಕೇಳಿಬಿಡೋಣ ಎಂದು ಅವಳು ರಿಪೋರ್ಟ್ಸ್ ಎಂದು ಟೈಪ್ ಮಾಡಿ ಒಳಹೊಕ್ಕಳು. ಕಮಾಂಡ್ ಓಡಿಸಿದಳು. ಯಂತ್ರ ಗಳಿಗೆ ಹೊತ್ತು ಯೋಚಿಸಿ ಪಟ್ಟಿ ಒಪ್ಪಿಸಿತು. ಅದೇ ಹದಿನಾರು ನಂಬರು. ಕ್ಲಿಯರಿಂಗ್‌ಗೆ ಹೋದಳು. ಅದೇ ಹದಿನಾರು. ಯಾರೂ ಫೈಲು ಕಾಪಿ ಮಾಡಿಲ್ಲ. ಎರಡು ಯಂತ್ರಗಳು ತಮ್ಮ ಬಾಯಿಂದಲೇ ಒಂದೇ ಕಾರ್ಡುಗಳನ್ನು ತಮ್ಮವೆನ್ನುತ್ತಿದ್ದವು. ಅನುಶ್ರೀ ಕುರ್ಚಿಯ ಮೇಲೆ ಕಾಲು ಮಡಚಿ ಕೂತಳು. ಇಂಥದ್ದನ್ನು ಅವಳು ನೋಡಿಯೇ ಇರಲಿಲ್ಲ. ಹೆದರಬೇಕಾದ ಹೊತ್ತಿನಲ್ಲಿ ಒಳಗೊಳಗೇ ಖುಷಿಯಾಗುತ್ತಿತ್ತು. ಅದಕ್ಕೆ ನಾಚಿಕೆಯೂ ಆಯಿತು.

ರಿಪೋರ್ಟ್ಸ್‌ನ ಪಟ್ಟಿಯನ್ನು ಪ್ರಿಂಟ್ ತೆಗೆದುಕೊಂಡು ಕೆಳಗೆ ಬ್ರೇಕ್ ರೂಮಿಗೆ ಹೋದಳು. ರಮಾನಾಥ ಒಬ್ಬರೇ ಕೂತು ಮೊಸರನ್ನ ತಿನ್ನುತ್ತಿದ್ದರು. ಅವರ ಸ್ಕ್ರೂಡ್ರೈವರುಗಳ ಚೀಲ ಆಗಲೇ ಕಟ್ಟಿ ಮೇಜಿನ ಮೇಲಿತ್ತು.

"ಅಂಕಲ್, ಇದನ್ನೊಂದ್ಸಲ ನೋಡ್ರಿ."

"ಎಂತ ನೋಡುವುದು ಮಾರಾಯ್ತಿ. ಅವರು ನೋಡಿ ಆಗಿದೆಯಲ್ಲ. ಹನ್ನೆರಡು ವರ್ಷದಲ್ಲಿ ಒಂದು ಸ್ಕ್ರೂ ಮನೆಗೆ ಕೊಂಡುಹೋದವ ಅಲ್ಲ ನಾನು. ನನ್ನತ್ರ ಒಬ್ಬ ಬಂದು ಕೇಳಿದನಾ?"

"ನಾ ಕೇಳಾಕತ್ತೀನಲ್ರಿ."

ಅವರು ಚಮಚ ಇಟ್ಟು, ಕನ್ನಡಕ ಹಣೆಯಿಂದ ಮೂಗಿಗೆ ಇಳಿಸಿಕೊಂಡರು. ಇಷ್ಟು ವರ್ಷ ಈ ಯಂತ್ರಗಳೊಳಗೆ ಕೈಯಾಡಿಸಿದವರು ಇಂಥ ಪಟ್ಟಿಯನ್ನು ನೋಡುತ್ತಿದ್ದುದು ಇದೇ ಮೊದಲು. ಬೆರಳಿಟ್ಟು ಸಾಲು ಸಾಲಾಗಿ ಇಳಿದರು. ಸ್ಲಾಟ್ ಸೊನ್ನೆ, ಮೆಮೊರಿ, ಎರಡು ಜಿಬಿ, ಸ್ಥಿತಿ ಸರಿ. ಸ್ಲಾಟ್ ಒಂದು, ಸ್ಥಿತಿ ಸರಿ. ಕೊನೆಗೆ ಬೆರಳು ನಿಂತಿತು.

"ಇದು ಯಾವ ಮೆಷಿನಿದ್ದು ಹೇಳಿದೆ?"

"ರಿಪೋರ್ಟ್ಸ್. ಕೆಳಗಿಂದು."

"ಅಲ್ಲ."

"ಅಲ್ಲ ಅಂದ್ರ?"

"ಮೂರನೇ ಫ್ಯಾನ್ ಕೆಟ್ಟಿದೆ ಹೇಳ್ತಾ ಉಂಟಲ್ಲ ಇದು. ಕೆಳಗಿನದಕ್ಕೆ ಆಗಸ್ಟ್‌ನಲ್ಲಿ ನಾನೇ ಎಲ್ಲ ಹೊಸ ಫ್ಯಾನ್ ಹಾಕಿದ್ದು. ಮೂರನೆಯದು ಹೋದದ್ದು ಮೇಲಿನದ್ದು. ಬಾಗಿಲು ತೆಗೆದರೆ ಕೆರಕೆರ ಹೇಳಿ ಕೇಳ್ತದೆ. ಬೇರೆ ಫ್ಯಾನ್ ಕೊಡಿ ಹೇಳಿ ಎರಡು ಸಲ ಬರೆದೆ, ಖರ್ಚು ಬಂದ್ ಅಂದ್ರು. ನಿನ್ನ ಕಂಪ್ಯೂಟರಿಗೆ ಹೇಳು, ಮೇಲೆ ಕೆಳಗೆ ಗೊತ್ತಿಲ್ಲದಿದ್ರೆ ನನ್ನತ್ರ ಕೇಳ್ಲಿಕ್ಕೆ."

ಅನುಶ್ರೀ ಎದುರಿನ ಕುರ್ಚಿಯಲ್ಲಿ ಕುಸಿದು ಕೂತಳು. ಒಂಬತ್ತು ದಿನದ ಹಿಂದಿನ ಭಾನುವಾರ ನೆನಪಾಯಿತು.

ಆ ಭಾನುವಾರ ಕೆಳಗಿನ ಯಂತ್ರಕ್ಕೆ ಹೊಸ ಸಾಫ್ಟ್‌ವೇರ್ ಪ್ಯಾಚ್ ಹಾಕುವುದಿತ್ತು. ಹಾಕಿದವಳು ಅವಳೇ. ಅದಕ್ಕೆ ಮೊದಲು ರಿಪೋರ್ಟ್ಸ್ ಕೆಲಸವನ್ನು ಕೆಳಗಿನಿಂದ ಎತ್ತಿ ಮೇಲಿನ ಯಂತ್ರಕ್ಕೆ ದಾಟಿಸಿದ್ದಳು. ಕೆಲಸ ದಾಟಿದರೆ ಅದರ ಹೆಸರೂ ವಿಳಾಸವೂ ಜೊತೆಗೆ ದಾಟುತ್ತವೆ. ಜೋಡಿ ಯಂತ್ರಗಳ ಗುಣವೇ ಅದು. ಸೋಮವಾರ ಬೆಳಿಗ್ಗೆ ವಾಪಸ್ ಇಳಿಸೋಣ ಎಂದು ಮನೆಗೆ ಹೋದಳು. ಸೋಮವಾರ ಎಂಟಕ್ಕೆಲ್ಲ ಫ್ರೀಜ್ ಘೋಷಣೆಯಾಯಿತು. ಇಳಿಸಲು ಅನುಮತಿ ಕೇಳಿ ಬರೆಯಬೇಕಿತ್ತು. ಅದೇ ಬೆಳಿಗ್ಗೆ ಯಾರ್ಯಾರನ್ನು ತೆಗೆಯುತ್ತಾರೆ ಎಂಬ ಮೀಟಿಂಗ್ ಇತ್ತು. ಮರೆತಳು. ರಿಪೋರ್ಟುಗಳು ಓಡುತ್ತಲೇ ಇದ್ದುದರಿಂದ ಯಾರೂ ಕೇಳಲೂ ಇಲ್ಲ.

ಅಷ್ಟೇ ಆಗಿದ್ದರೂ ಚಿಂತೆಯಿರಲಿಲ್ಲ. ಆಡಿಟ್‌ನವರಿಗೆ ಯಂತ್ರಗಳ ಹೆಸರಿನ ಪಟ್ಟಿ ಕೊಟ್ಟವಳೂ ಅವಳೇ. ಎಲ್ಲರೂ ಕರೆಯುವಂತೆ ಕ್ಲಿಯರಿಂಗ್, ರಿಪೋರ್ಟ್ಸ್ ಎಂದು ಬರೆದು ಕಳಿಸಿದ್ದಳು. ಅವರ ಪ್ರೋಗ್ರಾಂ ಎರಡು ಹೆಸರಿನಿಂದ ಎರಡು ಸಲ ಬಾಗಿಲು ತಟ್ಟಿತು, ಎರಡು ಸಲವೂ ಬಾಗಿಲು ತೆಗೆದದ್ದು ಮೇಲಿನ ಯಂತ್ರ. ಈಗ ಅವಳಾದರೂ ಮಾಡಿದ್ದೇನು? ಅದೇ ಹೆಸರಿನಿಂದ ಹೋಗಿ ಅದೇ ಮೋಸಕ್ಕೆ ಬಿದ್ದಿದ್ದಳು. ಕೆಳಗಿನ ಯಂತ್ರವನ್ನು ಒಂಬತ್ತು ದಿನಗಳಿಂದ ಯಾರೂ ಮಾತಾಡಿಸಿರಲೇ ಇಲ್ಲ.

ಮೇಲಕ್ಕೆ ಓಡಿದಳು. ಯಂತ್ರದ ಸ್ವಂತ ಹೆಸರನ್ನು ಹಳೆಯ ಮೇಲ್ ಒಂದರಲ್ಲಿ ಹುಡುಕಿ, ಅಕ್ಷರ ಅಕ್ಷರ ನೋಡಿಕೊಂಡು ಟೈಪ್ ಮಾಡಿದಳು. ಕಮಾಂಡ್ ಓಡಿತು. ಮೂರನೇ ಫ್ಯಾನ್, ಸ್ಥಿತಿ ಸರಿ. ಹದಿನಾರು ಕಾರ್ಡು, ಹದಿನಾರೂ ಬೇರೆಯೇ ನಂಬರು. ರಮಾನಾಥ ಸೆಪ್ಟೆಂಬರಿನಲ್ಲಿ ರಿಜಿಸ್ಟರಿನಲ್ಲಿ ಕೈಯಾರೆ ಬರೆದಿಟ್ಟ ನಂಬರುಗಳೊಂದಿಗೆ ಹೋಲಿಸಿದಳು. ಒಂದು ಅಂಕಿಯೂ ತಪ್ಪಿರಲಿಲ್ಲ.

ಎರಡೂಮುಕ್ಕಾಲು.

ಶ್ರೀನಿ ಪೂರ್ತಿ ಕೇಳಿಸಿಕೊಂಡ. ಮೊದಲು ನಕ್ಕ, ಆಮೇಲೆ ನಗು ನಿಲ್ಲಿಸಿದ.

"ಸರಿ. ಅವರ ಟೂಲ್‌ನಲ್ಲೇ ಏನೋ ಡಿಸ್ಕ್ರಿಪೆನ್ಸಿ, ಲೆಕ್ಕ ತಾಳೆಯಾಗ್ತಿಲ್ಲ ಅಂತ ಬರೆಯೋಣ. ರೀರನ್ ಮಾಡಿ ಅನ್ನೋಣ. ಯಾರ ಹೆಸರೂ ಬೇಡ."

"ಟೂಲ್‌ದಾಗ ಏನೂ ತಪ್ಪಿಲ್ಲಲ್ರಿ. ಯಾಕಾತು ಅಂತ ಕೇಳ್ತಾರ."

"ಕೇಳಿದ್ರೆ ಸೋಮವಾರ ಹೇಳೋಣ."

"ಅಲ್ಲೀತನ ಅಂಕಲ್ ಬ್ಯಾಡ್ಜ್?"

ಶ್ರೀನಿ ಗಡಿಯಾರ ನೋಡಿದ. ವಿಚಾರಣೆ ಮುಗಿಯುವ ತನಕ ಬ್ಯಾಡ್ಜ್ ಆಫ್. ನಿಯಮ ಅವನಿಗೂ ಗೊತ್ತಿತ್ತು, ಅವಳಿಗೂ ಗೊತ್ತಿತ್ತು. ಆಫ್ ಆದ ಬ್ಯಾಡ್ಜ್ ಮತ್ತೆ ಆನ್ ಆದದ್ದನ್ನು ಆ ವರ್ಷ ಯಾರೂ ಕಂಡಿರಲಿಲ್ಲ.

"ಅನು, ನಾನು ನಿನ್ನ ಒಳ್ಳೇದಕ್ಕೆ ಹೇಳ್ತಿದೀನಿ," ಅಂದ ಶ್ರೀನಿ, ದನಿ ತಗ್ಗಿಸಿ. "ಶುಕ್ರವಾರ ಎಕ್ಸ್‌ಟೆನ್ಷನ್ ಲಿಸ್ಟ್, ಯಾರ ಗುತ್ತಿಗೆ ಮುಂದುವರಿಯುತ್ತೆ ಅನ್ನೋದು, ಫೈನಲ್ ಆಗುತ್ತೆ. ಪ್ಯಾಚ್ ಹಾಕಿ ವಾಪಸ್ ತರೋದು ಮರೆತೆ, ಪಟ್ಟಿನೂ ತಪ್ಪು ಕೊಟ್ಟೆ ಅಂತ ನೀನೇ ಬರೆದುಕೊಟ್ರೆ ನಿನ್ನ ಹೆಸರನ್ನ ನಾನು ಹೇಗೆ ಪುಶ್ ಮಾಡ್ಲಿ? ನಿನ್ನ ಎಚ್ ಒನ್ ವೀಸಾ ನಮ್ಮ ಕಂಪನಿ ಮೇಲಿದೆ. ಪ್ರಾಜೆಕ್ಟ್ ಇಲ್ಲ ಅಂದ್ರೆ ಗೊತ್ತಲ್ಲ."

ಗೊತ್ತಿತ್ತು. ಅಪಾರ್ಟ್‌ಮೆಂಟಿನ ಲೀಸ್, ಅನಂತರ ವಿಮಾನದ ಟಿಕೆಟು, ರಾಣೆಬೆನ್ನೂರಿನಲ್ಲಿ ಅವ್ವ ವೀರಬಸಮ್ಮ ಕೇಳುವ ಪ್ರಶ್ನೆಗಳು, ಎಲ್ಲವನ್ನೂ ಅವಳು ಆ ಒಂದು ನಿಮಿಷದಲ್ಲೇ ನೋಡಿದಳು. ಧೈರ್ಯ ಅನ್ನಿಸುವಂಥದ್ದೇನೂ ಬರಲಿಲ್ಲ. ಬೇರೆ ರೀತಿ ಬರೆಯಬಹುದೇ ಎಂದು ಎರಡು ಸಲ ಪ್ರಯತ್ನಿಸಿದಳು. ಎರಡು ಸಲವೂ, ಒಂದು ಕಾರ್ಡು ಎರಡು ಯಂತ್ರದಲ್ಲಿ ಹೇಗಿತ್ತು ಎಂಬ ಪ್ರಶ್ನೆ ಹಾಗೆಯೇ ಉಳಿಯಿತು. ಭಾನುವಾರ ಏನಾಯಿತು ಎಂದು ಹೇಳದೆ ಅದಕ್ಕೆ ಉತ್ತರವೇ ಇರಲಿಲ್ಲ.

ಕೊನೆಗೆ ಐದು ಸಾಲು ಬರೆದಳು. ಯಾವ ದಿನ ಯಾವ ಕೆಲಸ ಎಲ್ಲಿಂದ ಎಲ್ಲಿಗೆ ದಾಟಿತು, ದಾಟಿಸಿದವಳು ಯಾರು, ಹೆಸರಿನ ಪಟ್ಟಿಯಲ್ಲಿ ತಪ್ಪೇನು. ಕೆಳಗೆ ಎರಡು ಯಂತ್ರಗಳ ಪಟ್ಟಿಯನ್ನು ಹಾಗೆಯೇ ಅಂಟಿಸಿದಳು. ಕಳಿಸುವ ಮುನ್ನ ಶ್ರೀನಿಯತ್ತ ನೋಡಿದಳು. ಅವನು ಹೊರಗಿನ ಕಾರಿಡಾರಿನತ್ತ ನೋಡುತ್ತಿದ್ದ. ಕಳಿಸಿದಳು. ಮೂರು ಗಂಟೆ ಹತ್ತು ನಿಮಿಷ.

ಮೂರು ಮೂವತ್ತೈದಕ್ಕೆ ಉತ್ತರ ಬಂತು. ಒಪ್ಪಿದ್ದೇವೆ, ರ‍್ಯಾಕ್ ಹದಿನಾಲ್ಕು ಸರಿಯಿದೆ, ಬ್ಯಾಡ್ಜ್ ಆದೇಶ ರದ್ದು. ಎರಡನೆಯ ಸಾಲಿನಲ್ಲಿ ಇನ್ನೊಂದು ಪ್ರಶ್ನೆಯಿತ್ತು: ಕಟ್ಟಡದಲ್ಲಿ ಇಂಥ ಜೋಡಿಗಳು ಇನ್ನೆಷ್ಟಿವೆ, ಅವುಗಳಿಗೂ ಇದೇ ರೀತಿಯ ಹೆಸರು ಕೊಟ್ಟಿದ್ದೀರಾ?

ಕೊಟ್ಟಿದ್ದಳು. ಇದೂ ಸೇರಿ ಹನ್ನೊಂದು ಜೋಡಿಗಳಿದ್ದವು.

ರಮಾನಾಥ ಮೇಲೆ ಬಂದರು. ಶ್ರೀನಿ ವಿಷಯ ತಿಳಿಸಿದ್ದ. ಥ್ಯಾಂಕ್ಸ್ ಹೇಳಲಿಲ್ಲ. ಬಂದು ಅನುಶ್ರೀಯ ಹಿಂದೆ ನಿಂತರು.

"ಹಾಗಾದರೆ ತಪ್ಪು ನಿನ್ನದು."

"ಹೌದ್ರಿ ಅಂಕಲ್. ನಂದೇ."

"ಬೆಳಿಗ್ಗೆಯಿಂದ ನನ್ನ ಜೀವ ತೆಗೆದಿಯಲ್ಲ ಮಾರಾಯ್ತಿ. ಜಯಂತಿಗೆ ಫೋನ್ ಕೂಡಾ ಮಾಡ್ಲಿಲ್ಲ ನಾನು, ಎಂತ ಹೇಳುವುದು ಅಂತ." ಸಿಟ್ಟು ನಿಜವಾದದ್ದೇ ಆಗಿತ್ತು. ಅವಳು ತಲೆ ತಗ್ಗಿಸಿದಳು. ಅವರು ಪಕ್ಕದ ಖಾಲಿ ಕ್ಯೂಬಿನಿಂದ ಕುರ್ಚಿಯೊಂದನ್ನು ಎಳೆದುಕೊಂಡರು. ಅದರ ಒಡೆಯನನ್ನು ಅಕ್ಟೋಬರಿನಲ್ಲಿ ತೆಗೆದಿದ್ದರು.

"ಆ ಕಮಾಂಡಿನಲ್ಲಿ, ಕಾರ್ಡು ಹಾಕಿದವನು ಯಾರು ಅಂತ ಬರೂದಿಲ್ವಾ?"

"ಇಲ್ರಿ. ಯಾವ ಸ್ಲಾಟು, ಯಾವ ನಂಬರು, ಅಷ್ಟ."

"ಹ್ಞೂಂ." ಕನ್ನಡಕ ಮೂಗಿಗೆ ಇಳಿಯಿತು. "ಇನ್ನೆಷ್ಟು ಉಂಟು?"

"ಹತ್ತು ಜೋಡಿ. ಯಾವ್ಯಾವ್ದು ಎಲ್ಲೆಲ್ಲಿ ದಾಟಿ ಕೂತಾವೋ ಗೊತ್ತಿಲ್ಲ."

"ಓಡಿಸು ನೋಡುವ. ಅದು ಹೇಳಿದ್ದು ಸರಿಯಾ ಅಲ್ವಾ ನಾನು ಹೇಳ್ತೇನೆ."

ಅನುಶ್ರೀ ಮೊದಲ ಯಂತ್ರದ ನಿಜವಾದ ಹೆಸರನ್ನು ಹುಡುಕತೊಡಗಿದಳು.