ಪೆರ್ಪೆಟುವಾ ನಾಕಿವಾಲಾ ಮತ್ತು ಎಪ್ಪತ್ತೊಂದು ಗ್ರಾಂ

ಶುಭವಾರ್ತೆ ಕೇಳಿದೊಡನೆ ಮುಖ ಬಾಡುವ ಒಬ್ಬರನ್ನೇ ನಾನು ನನ್ನ ಆಯುಷ್ಯದಲ್ಲಿ ಕಂಡದ್ದು. ಅವರು ಡಾಕ್ಟರ್ ಪೆರ್ಪೆಟುವಾ ನಾಕಿವಾಲಾ. ಕಂಪಾಲಾದ ಗುಡ್ಡವೊಂದರ ಇಳಿಜಾರಿನಲ್ಲಿದ್ದ ನಮ್ಮ ಪ್ರಯೋಗಶಾಲೆಗೆ ಯಾರಾದರೂ ನಗುನಗುತ್ತ ಬಂದರೆ ಸಾಕು, ಆಕೆ ಮೊದಲು ಕುರ್ಚಿ ಎಳೆದುಕೊಂಡು ಕೂರುತ್ತಿದ್ದರು, ಆಮೇಲೆ "ಎಲ್ಲಿಂದ ಬಂತು?" ಎನ್ನುತ್ತಿದ್ದರು. ಮಗಳಿಗೆ ಹೆಣ್ಣುಮಗು ಹುಟ್ಟಿದ ಸುದ್ದಿಯನ್ನು ಅಳಿಯ ಫೋನಿನಲ್ಲಿ ತಿಳಿಸಿದಾಗಲೂ ಬಾಯಿತಪ್ಪಿ ಇದೇ ಪ್ರಶ್ನೆ ಕೇಳಿದ್ದರು. ಆತ ಒಂದು ವರ್ಷ ಮುನಿಸಿಕೊಂಡಿದ್ದ.

ಬಿಳಿಯ ಮೇಲಂಗಿ ತೊಟ್ಟವರು ತಾವು ಶುಭ್ರರೆಂದು ನಂಬಿಬಿಡುತ್ತಾರೆ ಎಂಬ ಕಾರಣಕ್ಕೆ ಗ್ಯಾರೇಜಿನವರ ನೀಲಿ ಅಂಗಿಯನ್ನೇ ತೊಡುತ್ತಿದ್ದರು. ತುಂಬಿದ ಫ್ಲಾಸ್ಕುಗಳನ್ನು ಮೂವತ್ತು ವರ್ಷ ಹೊತ್ತು ನಡೆದ ಅವರ ಎಡಗೈ ಬರಿದಾಗಿದ್ದಾಗಲೂ ಮೊಣಕೈಯಲ್ಲಿ ಮಡಚಿಕೊಂಡೇ ಇರುತ್ತಿತ್ತು. ಚರ್ಚಿನಲ್ಲಿ ಪ್ರಸಾದ ಸ್ವೀಕರಿಸಲು ಸಾಲಿನಲ್ಲಿ ಹೋಗುವಾಗಲೂ, ಕಾಣದ ದ್ರವವೊಂದು ತುಳುಕೀತೆಂಬ ಎಚ್ಚರ ಆ ನಡಿಗೆಯಲ್ಲಿತ್ತು.

ಅವರ ಹನ್ನೊಂದು ವರ್ಷಗಳ ತಪಸ್ಸು ಒಂದು ಬ್ಯಾಕ್ಟೀರಿಯಾದ ಮೇಲೆ. ಅದರ ವಂಶವಾಹಿಗಳನ್ನು ತಿದ್ದಿ, ಮಟೋಕೆ ಬಾಳೆಯ ಸಿಪ್ಪೆಯಿಂದ ತೆಗೆದ ಸಕ್ಕರೆ ಉಣಿಸಿ, ಕೋಳಿಮೇವಿಗೆ ಬೇಕಾದ ಲೈಸಿನ್ ಎಂಬ ಸತ್ವವನ್ನು ಅದರಿಂದಲೇ ಮಾಡಿಸಬೇಕೆಂಬುದು ಸಂಕಲ್ಪ. ಇಲ್ಲವಾದರೆ ಅದು ಹೊರದೇಶದಿಂದ ಹಡಗಿನಲ್ಲಿ ಬರಬೇಕು. ಜೀವಕೋಶದೊಳಗೆ ನಡೆಯುವ ಎಂಟುನೂರು ಚಿಲ್ಲರೆ ಕ್ರಿಯೆಗಳನ್ನು ಬಾಣಗಳಾಗಿ ಜೋಡಿಸಿ, ಯಾವ ದಾರಿಯಲ್ಲಿ ಎಷ್ಟು ಹರಿದೀತೆಂದು ಕಂಪ್ಯೂಟರಿನಲ್ಲಿ ಲೆಕ್ಕಹಾಕುವುದು ನನ್ನ ಕೆಲಸ. ನನ್ನ ನಕ್ಷೆಯ ಪ್ರಕಾರ, ನೂರು ಗ್ರಾಂ ಸಕ್ಕರೆ ತಿಂದ ಆ ಜೀವಿ ಬಹಳವೆಂದರೆ ಅರವತ್ತು ಗ್ರಾಂ ಲೈಸಿನ್ ಕೊಡಬಹುದು. ಕೊಡುತ್ತಿದ್ದುದು ಇಪ್ಪತ್ತರ ಆಸುಪಾಸು.

ಮಸಾಕಾ ಕಡೆಯ ಕೋಳಿಸಾಕಣೆಯವರ ಸಂಘ ನಮ್ಮ ಕೆಲಸ ನೋಡಲು ಬರುತ್ತೇವೆಂದ ತಿಂಗಳಲ್ಲಿ ಅದು ಒಮ್ಮೆಲೇ ಎಪ್ಪತ್ತೊಂದಕ್ಕೆ ಏರಿತು. ನಾವು ಕುಣಿದೆವು. ಅವಳಿಗಳ ತಂದೆಯಾದ್ದರಿಂದ ಎಲ್ಲರೂ ಸಾಲೊಂಗೊ ಎಂದೇ ಕರೆಯುತ್ತಿದ್ದ, ಇಪ್ಪತ್ತೆರಡು ವರ್ಷಗಳಿಂದ ಆಕೆಯ ಫ್ಲಾಸ್ಕುಗಳನ್ನು ತೊಳೆದು ತುಂಬಿ ಕಾದ ಸಹಾಯಕ, ಸಂಭ್ರಮಕ್ಕೆ ಶೇಂಗಾ ಸಾರಿನ ಪಾತ್ರೆಯನ್ನೇ ಹೊತ್ತು ತಂದ. ನಾಕಿವಾಲಾ ಮಾತ್ರ ಕುರ್ಚಿ ಎಳೆದುಕೊಂಡು ಕುಳಿತರು. ತುಟಿ ಬಿಳಿಚಿತ್ತು. ಊಟ ಮುಟ್ಟಲಿಲ್ಲ.

ಮರುದಿನ ಆಕೆ ಯಾರಿಗೂ ಹೇಳದೆ ಬೇರೊಂದು ಸಕ್ಕರೆ ತೆಗೆದರು. ನೋಡಲು ಮಾಮೂಲಿನಂಥದೇ, ಆದರೆ ಅದರ ಇಂಗಾಲದ ಕಣಗಳು ತುಸು ಭಾರ. ಅದನ್ನು ತಿಂದು ಬ್ಯಾಕ್ಟೀರಿಯಾ ಏನನ್ನೇ ಕಟ್ಟಲಿ, ಆ ಭಾರದ ಗುರುತು ಅದರಲ್ಲಿ ಉಳಿಯಲೇಬೇಕು. ಫ್ಲಾಸ್ಕುಗಳು ಮತ್ತೆ ಎಪ್ಪತ್ತೊಂದನ್ನೇ ಕೊಟ್ಟವು. ಮಾದರಿ ತಪಾಸಣೆಗೆ ನೈರೋಬಿಗೆ ಹೋಯಿತು. ಎರಡು ವಾರಕ್ಕೆ ಬಂದ ಉತ್ತರವನ್ನು ಆಕೆ ನಮ್ಮಿಬ್ಬರೆದುರು ಓದಿದರು: ಎಪ್ಪತ್ತೊಂದರಲ್ಲಿ ಗುರುತಿದ್ದದ್ದು ಇಪ್ಪತ್ತನಾಲ್ಕು. ಉಳಿದ ನಲವತ್ತೇಳು ಆ ಸಕ್ಕರೆಯನ್ನು ಕಂಡೇ ಇರಲಿಲ್ಲ.

ಸಾಲೊಂಗೊ ಕೈಯಲ್ಲಿದ್ದ ಬಟ್ಟೆಯನ್ನು ಮಡಚಿ, ಮತ್ತೆ ಬಿಡಿಸಿ, ಮೇಜಿನ ಮೇಲಿಟ್ಟ.

"ನಾನೇ ಹಾಕ್ದೆ, ನ್ಯಾಬೋ," ಎಂದ. ಅಮ್ಮಾ ಎಂದಂತೆ, ಎಂದಿನ ಗೌರವದಲ್ಲೇ. "ನಮ್ಮನೆ ಕೋಳಿಗೆ ತರೋ ಲೈಸಿನ್ ಪುಡಿ. ಈ ಲ್ಯಾಬ್ ಮುಚ್ತಾರೆ ಅಂತ ಆಫೀಸಲ್ಲಿ ಮಾತಾಡ್ಕೊಳ್ತಿದ್ರು. ಹನ್ನೊಂದು ವರ್ಷದಲ್ಲಿ ನೀವು ಒಂದ್ ದಿನಾನೂ ಗೆದ್ದಿದ್ದು ನೋಡ್ಲಿಲ್ಲ ನಾನು. ಒಂದ್ಸಲ ನೋಡೋಣ ಅನ್ನಿಸ್ತು."

ಆಕೆ ಕುರ್ಚಿಗಾಗಿ ಹಿಂದೆ ಕೈಚಾಚಿದರು. ಅದು ಸಿಗದೆ ನೆಲದ ಮೇಲೇ ಕುಳಿತುಬಿಟ್ಟರು. ಆ ಎಡಗೈ ಮೊದಲ ಬಾರಿಗೆ ನೇರವಾಗಿ ಜೋತುಬಿದ್ದದ್ದನ್ನು ಕಂಡೆ. ಬೈಗುಳ ಬಂದೀತೆಂದು ಇಬ್ಬರೂ ಕಾದೆವು. ಆದರೆ ಆಕೆ ನೋಡಿದ್ದು ನನ್ನತ್ತ.

"ನಿನ್ನ ನಕ್ಷೆ ಅರವತ್ತು ಅಂತಿತ್ತಲ್ಲ, ಲುಟಾಯಾ. ಎಪ್ಪತ್ತೊಂದು ಬಂದಾಗ ಅದು ಯಾಕೆ ಬಾಯಿ ಬಿಡ್ಲಿಲ್ಲ?"

ನಾನು ಹೇಳಲೇಬೇಕಾಯಿತು. ಹೊಸ ಅಂಕಿ ನಕ್ಷೆಯೊಳಗೆ ಹಿಡಿಯದಿದ್ದಾಗ, ಒಂದೇ ದಿಕ್ಕಿಗೆ ಹರಿಯಬೇಕಾದ ಬಾಣವೊಂದನ್ನು ಎರಡೂ ದಿಕ್ಕಿಗೆ ಹರಿಯುವಂತೆ ತಿದ್ದಿದ್ದೆ. ಅಷ್ಟರಿಂದ ಕೋಶಕ್ಕೆ ಶಕ್ತಿ ಪುಕ್ಕಟೆ ಸಿಕ್ಕಿ, ಎಪ್ಪತ್ತೊಂದು ಸಾಧ್ಯವೆಂದು ಕಂಪ್ಯೂಟರ್ ಒಪ್ಪಿತ್ತು. ಅಂಥ ಶಕ್ತಿ ನಿಸರ್ಗದಲ್ಲಿಲ್ಲವೆಂದು ನನಗೆ ಗೊತ್ತಿತ್ತು. ಎಲ್ಲರೂ ನಗುತ್ತಿದ್ದರು, ನಗುವನ್ನು ನಿಲ್ಲಿಸುವವನು ನಾನಾಗುವುದು ಬೇಡವೆನಿಸಿತ್ತು.

"ಅವನು ಪುಡಿನ ಫ್ಲಾಸ್ಕಿಗೆ ಹಾಕ್ದ," ಎಂದರು ಆಕೆ, ಧ್ವನಿ ಏರಿಸದೆ. "ನೀನು ಲೆಕ್ಕಕ್ಕೇ ಹಾಕ್ದೆ."

ಸಂಘದವರು ಬಂದ ದಿನ ನಾಕಿವಾಲಾ ನಿಂತುಕೊಂಡೇ ಎಲ್ಲವನ್ನೂ ಹೇಳಿದರು. ಸಾಲೊಂಗೊನ ತಪ್ಪನ್ನು ಮುಚ್ಚಲಿಲ್ಲ, ನನ್ನದನ್ನೂ, ಎರಡನ್ನೂ ತಡವಾಗಿ ಕಂಡ ತಮ್ಮದನ್ನೂ. ಕೊನೆಗೆ ಮುಂದಿನ ಸಾಲಿನ ಮುದುಕಿಯೊಬ್ಬಳು, "ಹಾಗಾದ್ರೆ ನಮ್ಮ ಕೋಳಿಗಳು ನಿಮ್ಮ ಸತ್ಯಾನೇ ತಿನ್ಬೇಕಾ, ಡಾಕ್ಟರಮ್ಮ?" ಎಂದಳು. "ಇಪ್ಪತ್ತನಾಲ್ಕು ಗ್ರಾಂ ತಿನ್ನಬಹುದು. ಅಷ್ಟು ಖಂಡಿತ ನಮ್ದು," ಎಂದರು ಈಕೆ. ಯಾರೂ ನಗಲಿಲ್ಲ.

ಪ್ರಯೋಗಶಾಲೆಯ ಅರ್ಧ ಕೋಣೆಗಳು ಬೇರೆಯವರ ಪಾಲಾದವು. ಸಾಲೊಂಗೊನನ್ನು ಕೆಲಸದಿಂದ ತೆಗೆದರು, ಆಕೆ ತಡೆಯಲಿಲ್ಲ. ಆದರೆ ಮೊದಲ ಭಾನುವಾರವೇ ಆತನ ಮನೆಗೆ ಹೋಗಿ, ಆತನ ಹೆಂಡತಿ, ಅವಳಿಗಳ ತಾಯಿಯಾದ್ದರಿಂದ ನಾಲೊಂಗೊ ಎನಿಸಿಕೊಂಡವಳು, ಅಳುತ್ತ ಬಡಿಸಿದ ಕೋಳಿಸಾರನ್ನು ತಟ್ಟೆ ಬರಿದಾಗುವಂತೆ ಉಂಡು ಬಂದರು. ನನ್ನನ್ನು ಓಡಿಸುತ್ತಾರೆಂದು ಪೆಟ್ಟಿಗೆ ಕಟ್ಟಿದ್ದೆ. ಓಡಿಸಲಿಲ್ಲ, ಪಕ್ಕದಲ್ಲಿ ಕುಳಿತು, ನಾನು ಆ ಬಾಣವನ್ನು ಮೊದಲಿನಂತೆ ತಿರುಗಿಸುವುದನ್ನು ಕಣ್ಣಾರೆ ನೋಡಿ, ಎದ್ದು ಹೋದರು. ನಾಲ್ಕು ವರ್ಷದ ಮೇಲೆ ಮೂವತ್ತೊಂಬತ್ತು ಬಂತು, ಪ್ರತಿ ಕಣದಲ್ಲೂ ಗುರುತಿನೊಡನೆ.

ಇಂಥವರಿಗೆ ನಾವು ಸಂಶಯಪಿಶಾಚಿಗಳೆಂದು ಹೆಸರಿಡುತ್ತೇವೆ. ಮನುಷ್ಯರನ್ನು ಅವರು ನಮ್ಮಷ್ಟೇ ನಂಬುತ್ತಾರೆ, ಒಮ್ಮೊಮ್ಮೆ ನಮಗಿಂತ ಹೆಚ್ಚು. ನಂಬದಿರುವುದು ತಮ್ಮ ಆಸೆಯೊಂದನ್ನೇ. ಅವರ ಬರಿಗೈ ನೋಡಲಾಗದೆ, ಪ್ರೀತಿಯಿಂದಲೋ ಹೇಡಿತನದಿಂದಲೋ ಒಂದು ಗೆಲುವನ್ನು ಎಲ್ಲಿಂದಲಾದರೂ ತಂದು ಅವರ ಬಾಗಿಲಲ್ಲಿಡುವವರು ನಾವು. ಅವರು ಅದನ್ನು ಒಳಗೆ ತೆಗೆದುಕೊಳ್ಳದಿದ್ದಾಗ ಬೆಚ್ಚಿಬೀಳುವವರೂ ನಾವೇ.