ಬಿರುಕಿನ ಮೇಲಿನ ತಾರೀಕು

ಗೋಡೆ ಬಿರುಕು ಬಿಟ್ಟರೆ ಅದರ ಮೇಲೆ ಅಡ್ಡಲಾಗಿ ಗಾಜಿನ ಪಟ್ಟಿ ಅಂಟಿಸಿ ತಾರೀಕು ಬರೆದಿಡಬೇಕೆಂದು ನನಗೆ ಹೇಳಿಕೊಟ್ಟವರು ಮಾವ ಕೋದಂಡರಾಮಪ್ಪ. ಫೋಟೊಗೆ ಕಟ್ಟು ಹಾಕುವ ಅಂಗಡಿಯಲ್ಲಿ ಮಿಕ್ಕ ತುಂಡು ಗಾಜು ಸಾಕು. ಎರಡು ತುದಿಗೂ ಸಿಮೆಂಟು ಮೆತ್ತಬೇಕು. ನೆಲ ಇನ್ನೂ ಅಲುಗುತ್ತಿದ್ದರೆ ಗಾಜು ಒಡೆಯುತ್ತದೆ. ಒಂದು ಬೇಸಿಗೆ, ಒಂದು ಮಳೆಗಾಲ ಒಡೆಯದೆ ಉಳಿದರೆ ಮನೆ ಕೂತಿದೆ ಎಂದರ್ಥ.

ವಿದ್ಯಾಧೀಶರ ಮನೆಗೂ ಹಾಗೇ ಅಂಟಿಸಿದ್ದೆ.

ಅವರು ಆಡಿಟರ್ ಆಫೀಸೊಂದರಲ್ಲಿ ಕೆಲಸದಲ್ಲಿರುವವರು. ಮುಳಬಾಗಿಲಿನ ಹೊರಗೆ ಗುಡ್ಡದ ಇಳಿಜಾರನ್ನು ಕಡಿದು ಮಾಡಿದ ಬಡಾವಣೆಯಲ್ಲಿ ಸೈಟು ತೆಗೆದುಕೊಂಡು, ಮೂರು ವರ್ಷದ ಹಿಂದೆ ನನ್ನಿಂದ ಮನೆ ಕಟ್ಟಿಸಿದರು. ಅಂಥ ಸೈಟುಗಳಲ್ಲಿ ಮೇಲಿನ ಅರ್ಧ ಕಡಿದ ನೆಲ, ಕೆಳಗಿನ ಅರ್ಧ ತುಂಬಿದ ಮಣ್ಣು. ಇಲ್ಲಿ ತುಂಬಿದ್ದು ಕೆರೆಯಿಂದ ಎತ್ತಿ ತಂದ ಕಪ್ಪು ಗೋಡು. ಹೊಲಕ್ಕೆ ಅದಕ್ಕಿಂತ ಒಳ್ಳೆಯದಿಲ್ಲ, ಮನೆಗೆ ಅದಕ್ಕಿಂತ ಕೆಟ್ಟದ್ದಿಲ್ಲ. ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕೈ ತೂರುವಷ್ಟು ಬಾಯಿ ಬಿಡುತ್ತದೆ. ಅದನ್ನು ದಾಟಿ ಗಟ್ಟಿ ನೆಲ ಸಿಗುವವರೆಗೆ ಪಿಲ್ಲರ್ ಗುಂಡಿ ಇಳಿಸಲೇಬೇಕು.

ಹತ್ತು ಗುಂಡಿಗಳಲ್ಲಿ ಒಂಬತ್ತು ಗಟ್ಟಿ ಮುಟ್ಟಿದ್ದವು. ಕೆಳಮೂಲೆಯ ಒಂದು ಮಾತ್ರ ಆರಡಿ ಇಳಿದರೂ ಮುಟ್ಟಲಿಲ್ಲ. ಒಳಗೆ ಅಗೆಯುತ್ತಿದ್ದ ಮೂರ್ತಿ ತಲೆ ಎತ್ತಿ, "ಅನ್ನಾ, ಇಂಕಾ ಬಂಕಮನ್ನೇ ವಸ್ತಾ ಉಂದಿ" ಎಂದ, ಇನ್ನೂ ಜಿಗಟು ಮಣ್ಣೇ ಬರುತ್ತಿದೆ ಎಂದು. ಜೆಸಿಬಿ ಬೇರೆ ಕೆಲಸಕ್ಕೆ ಹೋಗಿಯಾಗಿತ್ತು. ಮಾರನೆಯ ಬೆಳಿಗ್ಗೆ ಏಳೂವರೆಗೆ ಕಾಂಕ್ರೀಟಿನ ಮುಹೂರ್ತ.

ಸಂಜೆ ವಿದ್ಯಾಧೀಶರು ಬಂದರು. "ಗಟ್ಟಿ ಸಿಕ್ತಾ ಮೇಸ್ತ್ರಿ? ಸಿಗದಿದ್ರೆ ಹೇಳಿ, ಮುಹೂರ್ತ ಮುಂದಕ್ಕೆ ಹಾಕಿಸ್ತೀನಿ. ಪುರೋಹಿತರು ನಮ್ಮ ಚಿಕ್ಕಪ್ಪನೇ. ಬೈದ್ರೆ ನನ್ನ ಬೈತಾರೆ, ನಿಮ್ಮನ್ನಲ್ಲ."

ಅವರೇ ದಾರಿ ಬಿಟ್ಟುಕೊಟ್ಟಿದ್ದರು. ನಾನೇ "ಅಷ್ಟೊತ್ತಿಗೆ ಸಿಗುತ್ತೆ ಬಿಡಿ ಸಾರ್" ಎಂದೆ.

ಸಿಗಲಿಲ್ಲ. ಸುಸ್ತಾಗಿತ್ತು, ಹೇಳುವುದಕ್ಕೆ ಬೇರೆ ಕಾರಣವಿಲ್ಲ. ಬೆಳಿಗ್ಗೆ ಅವರೆಲ್ಲ ಬರುವ ಮೊದಲು ಆ ಗುಂಡಿಗೆ ಒಂದು ಸೈಜುಗಲ್ಲು ಇಳಿಸಿ, ಮೇಲೆ ತೆಳ್ಳಗೆ ಮಣ್ಣು ಎಳೆದೆ. ಪೂಜೆಯಾದ ಮೇಲೆ ವಿದ್ಯಾಧೀಶರು ಬಗ್ಗಿ ನೋಡಿ, "ಎಲ್ಲಿ, ಗಡಾರಿ ಏನನ್ನುತ್ತೆ ಕೇಳೋಣ" ಎಂದರು. ಗಡಾರಿ ಎತ್ತಿ ಆ ಕಲ್ಲಿನ ಮೇಲೇ ಬಿಟ್ಟೆ. ಗಟ್ಟಿ ನೆಲಕ್ಕೆ ಬಡಿದ ಹಾಗೇ ಠಣ್ಣೆಂದಿತು. ಅವರು ನಕ್ಕರು. ಅವರ ತಾಯಿ ತಿರುಮಲಮ್ಮ ಮೊದಲ ಸಿಹಿಯನ್ನು ನನ್ನ ಕೈಗೇ ಹಾಕಿದರು.

ಮನೆ ಎದ್ದಾಗ ಆ ಮೂಲೆಯ ಮೇಲೆ ಬಂದದ್ದು ತಿರುಮಲಮ್ಮನವರ ಕೋಣೆ.

ಎರಡನೆಯ ಬೇಸಿಗೆಯಲ್ಲಿ ಕಿಟಕಿಯ ಮೂಲೆಯಿಂದ ಮಂಚದ ಹಿಂದಿನವರೆಗೆ ಓರೆಯಾಗಿ ಬಿರುಕು ಬಂತು. "ಪ್ಲಾಸ್ಟರ್ ಬಿರುಕು ಸಾರ್, ಹೊಸ ಮನೆ ಅಂದ್ಮೇಲೆ ಬರುತ್ತೆ" ಎಂದು ಮುಚ್ಚಿದೆ. ಮತ್ತೆ ಬಂತು. ಈ ವರ್ಷ ಏಪ್ರಿಲ್‌ನಲ್ಲಿ ವಿದ್ಯಾಧೀಶರು, "ಮೇಲೊಂದು ಮಹಡಿ ಎತ್ತೋಣ ಅಂತಿದೀನಿ. ಈ ಬಿರುಕು ನಿಂತಿದೆಯೋ ಇಲ್ವೋ ತಿಳೀಬೇಕಲ್ಲ ಮೇಸ್ತ್ರಿ?" ಎಂದರು. ಗಾಜು ಅಂಟಿಸೋಣ ಎಂದೆ. ಆವತ್ತು ನನ್ನ ಮಗಳು ಗಂಗಾಲಕ್ಷ್ಮಿಯೂ ಜೊತೆಗಿದ್ದಳು. ಏಳನೆಯ ಕ್ಲಾಸು. ತಾರೀಕು ತಾನೇ ಬರೆಯುತ್ತೇನೆಂದು ಹಟ ಮಾಡಿ, ತನ್ನ ಮಾರ್ಕರಿನಲ್ಲಿ ೯-೪ ಎಂದು ಬರೆದಳು. ಒಂಬತ್ತರ ಬಾಲವನ್ನು ಗಾಳಿಪಟದ ಬಾಲದ ಹಾಗೆ ಉದ್ದ ಎಳೆದಳು.

"ನಿನ್ನ ಅಕ್ಷರ ಬಲೇ ಚೆಂದ ಕಣೇ. ನಿಮ್ಮಪ್ಪ ಕಟ್ಟಿದ ಗೋಡೆಗಿಂತ ನೆಟ್ಟಗಿದೆ" ಎಂದರು ತಿರುಮಲಮ್ಮ. ಎಲ್ಲರೂ ನಕ್ಕೆವು. ವಿದ್ಯಾಧೀಶರು ಅದರ ಫೋಟೊ ತೆಗೆದುಕೊಂಡರು. ಮಳೆಗಾಲ ಕಳೆದು ದೀಪಾವಳಿವರೆಗೆ ಗಾಜು ಉಳಿದರೆ ಮಹಡಿ, ಇಲ್ಲದಿದ್ದರೆ ಇಲ್ಲ ಎಂದು ತೀರ್ಮಾನವಾಯಿತು.

ಆಗಸ್ಟಿನ ಒಂದು ಭಾನುವಾರ ತಿರುಮಲಮ್ಮನವರ ಕೋಣೆಯ ಬಾಗಿಲು ಹಾಕಲು ಬರುತ್ತಿಲ್ಲವೆಂದು ಫೋನು ಬಂತು. ಮಳೆಗೆ ಮರ ಉಬ್ಬಿದೆ ಎಂದು ಅವರು ತಿಳಿದಿದ್ದರು. ರಜೆಯೆಂದು ಗಂಗಾಳೂ ನನ್ನ ಜೊತೆ ಬಂದಳು. ಬಾಗಿಲ ಚೌಕಟ್ಟನ್ನು ನೋಡಿದ ತಕ್ಷಣ ನನಗೆ ಗೊತ್ತಾಯಿತು: ಉಬ್ಬಿದ್ದು ಮರವಲ್ಲ, ಕೆಳಗಿನ ಮಣ್ಣು. ಮಂಚ ಸರಿಸಿ ನೋಡಿದೆ. ಗಾಜು ನಡುವೆ ಸೀಳಿತ್ತು. ಒಂಬತ್ತು ಈ ಕಡೆ, ನಾಲ್ಕು ಆ ಕಡೆ.

ವಿದ್ಯಾಧೀಶರು ಮನೆಯಲ್ಲಿರಲಿಲ್ಲ. ತಿರುಮಲಮ್ಮ ಅಡುಗೆಮನೆಯಲ್ಲಿ ನಮಗೆ ಕಾಫಿ ಬೆರೆಸುತ್ತಿದ್ದರು. ನನ್ನ ಚೀಲದಲ್ಲಿ ಇನ್ನೊಂದು ತುಂಡು ಗಾಜಿತ್ತು. ಯಾವಾಗಲೂ ಇರುತ್ತದೆ. ಒಡೆದದ್ದನ್ನು ಕಿತ್ತು ಹೊಸದನ್ನು ಅಂಟಿಸಿದೆ. ಹಸಿ ಸಿಮೆಂಟಿನ ಬಣ್ಣ ಎದ್ದು ಕಾಣದಿರಲೆಂದು ಮಂಚದ ಕಾಲಡಿಯ ಧೂಳನ್ನು ಬೆರಳಲ್ಲಿ ತೆಗೆದು ಸವರಿದೆ. ನಾನು ಹತ್ತನೆಯ ಕ್ಲಾಸಿನವರೆಗೆ ಓದಿದವನು, ತಾರೀಕು ಬರೆಯಲು ನನಗೂ ಬರುತ್ತದೆ. ಆದರೆ ಫೋಟೊದಲ್ಲಿ ಇದ್ದದ್ದು ಮಗಳ ಅಕ್ಷರ.

"ಗಂಗಾ, ಬಾ ಇಲ್ಲಿ. ತಾರೀಕು ಬರಿ."

ಅವಳು ಮಾರ್ಕರಿನ ಮುಚ್ಚಳ ತೆಗೆದಳು. "ಇವತ್ತು ಹದಿನೇಳಲ್ವಾ ಅಪ್ಪಾ?"

"ಹಳೇದೇ ಬರಿ. ಒಂಬತ್ತು, ನಾಲ್ಕು."

"ಇದು ಹೊಸ ಗಾಜಲ್ವಾ?"

"ಬರೀ ಅಂದ್ರೆ ಬರೀಬೇಕು."

ನನ್ನ ಮುಖವನ್ನು ಒಮ್ಮೆ ನೋಡಿದಳು. ಆಮೇಲೆ ಗೋಡೆಯ ಕಡೆ ತಿರುಗಿ ಬರೆದಳು. ಬಾಲ ಎಳೆಯಲಿಲ್ಲ. "ಅವತ್ತಿನ ಹಾಗೇ ಬರಿ" ಎಂದೆ. ಎಳೆದಳು. ಮಂಚವನ್ನು ಮತ್ತೆ ಗೋಡೆಗೆ ತಳ್ಳಿ, ಬಾಗಿಲಿನ ಅಂಚು ಸವೆಸಲು ಹತ್ತರಿ ಹೊಡೆಯುತ್ತಾ ಕೂತೆ. ತಿರುಮಲಮ್ಮ ಕಾಫಿ ತಂದು, "ಪಾಪ, ಭಾನುವಾರಾನೂ ಬಿಡುವಿಲ್ಲ ನಿಂಗೆ" ಎಂದರು.

ಗೋಡು ನೀರು ಕುಡಿದು ಉಬ್ಬಿ ನಿಂತಿತ್ತು. ಮಳೆ ಇರುವವರೆಗೆ ಹಾಗೇ ನಿಂತಿರುತ್ತದೆ, ಬೇಸಿಗೆಯಲ್ಲಿ ಮತ್ತೆ ಕುಗ್ಗುತ್ತದೆ. ಹಾಗಾಗಿ ಎರಡನೆಯ ಗಾಜು ಒಡೆಯಲಿಲ್ಲ. ದೀಪಾವಳಿ ಕಳೆದ ಶನಿವಾರ ವಿದ್ಯಾಧೀಶರು ಮಹಡಿಯ ಮಾತಿಗೆ ಬರಹೇಳಿದರು. ಗಂಗಾಳನ್ನೂ ಕರೆತನ್ನಿ ಎಂದರು.

ಅಂಗಳದಲ್ಲಿ ಆಗಲೇ ಕಂಬಿ ಬಂದು ಬಿದ್ದಿತ್ತು. ಮಂಚ ಸರಿಸಿದ್ದರು. ವಿದ್ಯಾಧೀಶರು ಫೋನಿನ ಫೋಟೊವನ್ನು ಗಾಜಿನ ಪಕ್ಕಕ್ಕೆ ಹಿಡಿದು ನೋಡಿದರು.

"ಹಾಗೇ ಇದೆ. ಏನಮ್ಮಾ ಗಂಗಾಲಕ್ಷ್ಮಿ, ಏಪ್ರಿಲಲ್ಲಿ ನೀನು ಬರೆದದ್ದೇ ತಾನೆ ಇದು?"

ನಾನು ಕಿಟಕಿಯ ಹೊರಗೆ ನೋಡುತ್ತಿದ್ದೆ. ಮಗಳು ಒಂದು ಕ್ಷಣವೂ ತಡೆಯಲಿಲ್ಲ.

"ಹೂಂ ಅಂಕಲ್."

ಎಷ್ಟು ಸಲೀಸಾಗಿ ಅಂದಳೆಂದರೆ, ಹೆತ್ತವನಾದ ನನಗೂ ಅದು ನಿಜವೆಂದೇ ಕೇಳಿಸಿತು. ತಿರುಮಲಮ್ಮ ಅವಳ ಕೈಗೆ ಒಂದು ಪೆನ್ನು ಕೊಟ್ಟರು. "ನಮ್ಮನೆ ಗಟ್ಟಿ ನಿಂತಿದೆ ಅಂತ ಸಾಕ್ಷಿ ಹೇಳಿದೋಳು ನೀನೇ ಕಣೇ. ತಗೋ." ಅವಳು ಅದನ್ನು ಎರಡು ಕೈಯಲ್ಲೂ ತೆಗೆದುಕೊಂಡಳು. ಸೋಮವಾರದಿಂದ ಕೆಲಸ ಶುರು ಎಂದು ಒಪ್ಪಿಕೊಂಡು ಹೊರಟೆ.

ಟಿವಿಎಸ್ಸಿನಲ್ಲಿ ಅವಳು ಸಾಮಾನ್ಯವಾಗಿ ನನ್ನ ಸೊಂಟ ಹಿಡಿದು, ಬೆನ್ನಿಗೆ ಕೆನ್ನೆ ಒತ್ತಿ ಕೂರುತ್ತಾಳೆ. ಆವತ್ತು ಹಿಂದಿನ ಕ್ಯಾರಿಯರನ್ನು ಹಿಡಿದಿದ್ದಳು. ಇಳಿಜಾರಿನಲ್ಲಿ ಗುಂಡಿ ಬಂದಾಗಲೂ ನನ್ನನ್ನು ಹಿಡಿಯಲಿಲ್ಲ.

"ಗಟ್ಟಿ ಹಿಡ್ಕೋ ಗಂಗಾ, ಬೀಳ್ತೀಯ."

"ಹಿಡ್ಕೊಂಡಿದೀನಿ."

ಸ್ವಲ್ಪ ದೂರ ಹೋದ ಮೇಲೆ ಕೇಳಿದಳು: "ಅಪ್ಪಾ, ಮಹಡಿ ಕಟ್ಟಿದ್ರೆ ಅಜ್ಜಿ ಕೋಣೆ ಬೀಳುತ್ತಾ?"

ಮುಖ್ಯರಸ್ತೆ ಸೇರುವ ಕಡೆ ಗಾಡಿ ನಿಲ್ಲಿಸಿದೆ. ಹಾಗೆಲ್ಲ ಬೀಳಲ್ಲ ಎಂದು ಬಾಯಿಗೆ ಬಂದಿತ್ತು. ಅದನ್ನೂ ಹೇಳಿದರೆ ಅವಳು ಅದಕ್ಕೂ ಹೂಂ ಅನ್ನುತ್ತಾಳೆ. ಅದೇ ನನಗೆ ತಡೆಯಲಾಗಲಿಲ್ಲ. ಗಾಡಿ ತಿರುಗಿಸಿದೆ.

ವಿದ್ಯಾಧೀಶರು ಅಂಗಳದಲ್ಲೇ ಕಂಬಿ ಎಣಿಸುತ್ತಿದ್ದರು. "ಏನು ಮರೆತ್ರಿ ಮೇಸ್ತ್ರಿ?"

"ಆ ಗಾಜು ಏಪ್ರಿಲಿಂದಲ್ಲ ಸಾರ್. ಆಗಸ್ಟಿಂದು. ಮೊದಲಿಂದು ಒಡೆದೋಗಿತ್ತು. ನಾನೇ ಬದಲಾಯಿಸಿ ಮಗಳ ಕೈಲಿ ಬರೆಸಿದೆ." ನಿಲ್ಲಿಸಿದರೆ ಮುಂದೆ ಹೇಳಲಾರೆನೆಂದು ನಿಲ್ಲಿಸಲಿಲ್ಲ. "ಆ ಮೂಲೆ ಪಿಲ್ಲರು ಗಟ್ಟಿ ನೆಲ ಮುಟ್ಟಿಲ್ಲ. ಗೋಡು ಮೇಲೇ ಕೂತಿದೆ."

ಅವರಿಗೆ ಅರ್ಥವಾಗಲಿಲ್ಲ. "ಏನ್ ಮಾತಾಡ್ತೀರಿ? ಗಡಾರಿ ಶಬ್ದ ನಾನೇ ಕೇಳಿದೀನಲ್ರೀ?"

"ಅದು ಕಲ್ಲು ಸಾರ್. ನಾನೇ ಗುಂಡೀಲಿ ಇಳಿಸಿದ್ದ ಕಲ್ಲು."

ಅವರು ಬೈಯಲಿಲ್ಲ. ಮೂರು ವರ್ಷದಲ್ಲಿ ಒಮ್ಮೆಯಾದರೂ ಬೈದಿದ್ದರೆ ಎಂದು ಈಗಲೂ ಅನಿಸುತ್ತದೆ. ಕೈಯಲ್ಲಿದ್ದ ಕಾಗದವನ್ನು ಮಡಿಚಿ ಜೇಬಿಗೆ ಹಾಕಿ, "ಮುಹೂರ್ತ ಮುಂದಕ್ಕೆ ಹಾಕ್ತೀನಿ ಅಂದಿದ್ದೆ ನಾನು" ಎಂದರು.

"ಅಂದಿದ್ರಿ ಸಾರ್. ಪಕ್ಕದಲ್ಲಿ ಅಗೆದು ಗಟ್ಟಿವರೆಗೂ ನಾನೇ ಇಳಿಸಿ, ಕಾಂಕ್ರೀಟ್ ಹಾಕಿ ಎತ್ತಿ ಕಟ್ಟಿಕೊಡ್ತೀನಿ..."

"ನೀವು ಮುಟ್ಟಬೇಡಿ. ಕೋಲಾರದಿಂದ ಇಂಜಿನಿಯರನ್ನ ಕರೆಸ್ತೀನಿ. ಅವರೆದುರಿಗೆ ಬಂದು ಇದನ್ನೇ ಹೇಳಿ. ಅಷ್ಟು ಮಾಡಿ ಸಾಕು."

ಬಾಗಿಲಲ್ಲಿ ನಿಂತು ತಿರುಮಲಮ್ಮ ಎಲ್ಲ ಕೇಳಿಸಿಕೊಂಡಿದ್ದರು. ಅವರ ಮಂಚವನ್ನು ಮೇಲ್ಬದಿಯಲ್ಲಿ ಗಟ್ಟಿ ನೆಲದ ಮೇಲಿದ್ದ ಹಾಲಿಗೆ ಸಾಗಿಸಬೇಕಾಯಿತು. ಒಂದು ಕಡೆ ವಿದ್ಯಾಧೀಶರು, ಇನ್ನೊಂದು ಕಡೆ ನಾನು ಹಿಡಿದೆವು. ಇಳಿಸಿದ ಮೇಲೆ ತಿರುಮಲಮ್ಮ ನನ್ನನ್ನು ಕೋಣೆಗೆ ಕರೆದರು.

"ಮೂರು ವರ್ಷ ಮಲಗಿದೀನಲ್ಲೋ ಸೀನಪ್ಪ ಇಲ್ಲಿ. ಕಾಫಿ ಕೊಡುವಾಗ್ಲೆಲ್ಲ ಗೊತ್ತಿತ್ತಾ ನಿಂಗೆ?"

"ಗೊತ್ತಿತ್ತಮ್ಮ."

ಅವರು ಗೋಡೆಯ ಕಡೆ ಕೈ ತೋರಿಸಿದರು. "ಆ ಸುಳ್ಳು ಗಾಜು ಕೀಳು. ಬೇರೆ ಅಂಟ್ಸು. ಬರೋ ಇಂಜಿನಿಯರ್ ನೋಡ್ಲಿ. ತಾರೀಕು ಮಾತ್ರ ನಿನ್ನ ಕೈಲೇ ಬರಿ. ಆ ಮಗೂನ ಕೈ ಯಾಕೆ ಹಾಕ್ಸಿದೆಯೋ ಇದಕ್ಕೆ?"

ಮಗಳು ಹೊಸಿಲಾಚೆ ನಿಂತಿದ್ದಳು. ಒಳಗೆ ಬರಲಿಲ್ಲ. ಕೈ ಚಾಚಿ ಮಾರ್ಕರನ್ನು ಕೊಟ್ಟಳು, ಜೊತೆಗೆ ಆ ಪೆನ್ನನ್ನೂ. ಪೆನ್ನನ್ನು ಕಿಟಕಿಯ ಕಟ್ಟೆಯ ಮೇಲಿಟ್ಟೆ. ತಿರುಮಲಮ್ಮ ನೋಡಿದರು, ವಾಪಸು ತಗೋ ಎನ್ನಲಿಲ್ಲ.

ಹೊಸ ಗಾಜು ಅಂಟಿಸಿದೆ. ಧೂಳು ಸವರಲಿಲ್ಲ. ಹಸಿ ಸಿಮೆಂಟು ಹಸಿಯಾಗಿಯೇ ಕಾಣುತ್ತಿತ್ತು. ಸುಣ್ಣ ಸಿಮೆಂಟು ತಿಂದ ಬೆರಳಿಗೆ ಮಾರ್ಕರು ನೆಟ್ಟಗೆ ನಿಲ್ಲಲಿಲ್ಲ. ತಿಂಗಳು ೧೧ ಎಂದು ಬರೆಯುವಾಗ ಎರಡನೆಯ ೧ ಗಾಜಿನ ಅಂಚು ದಾಟಿ ಗೋಡೆಗೆ ಹತ್ತಿತು. ಒರೆಸಲು ಹೋದೆ.

"ಇರ್ಲಿ ಬಿಡು" ಎಂದರು ತಿರುಮಲಮ್ಮ.

ಮನೆಗೆ ಬರುವಾಗಲೂ ಗಂಗಾ ಕ್ಯಾರಿಯರನ್ನೇ ಹಿಡಿದಿದ್ದಳು. ನಾನು ಗುಂಡಿ ಕಂಡ ಕಡೆಯೆಲ್ಲ ಗಾಡಿಯನ್ನು ನಿಧಾನ ಮಾಡಿದೆ.